ಅತ್ತೆಯ ಹೆಸರು

ಅಕ್ಟೋಬರ್ 8, ಮಂಗಳವಾರ. ಕುರುಗೋಡು.

ಬೆಳಗ್ಗೆಯಿಂದ ಒಲೆಯ ಮುಂದೆಯೇ. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಮತ್ತೆ ಚಹಾ. ಲ್ಯಾಬಿಗೆ ರಜೆ ಹಾಕಿ ಮಾವನ ಮನೆಗೆ ಬಂದದ್ದು ಇದಕ್ಕೇನಾ? ಬಳ್ಳಾರಿಯಲ್ಲಿ ದಿನಕ್ಕೆ ನೂರು ಜನರ ರಕ್ತ ತೆಗೆಯುವುದೇ ಆರಾಮ.

ಅಂಜುಗೆ ಮಾತ್ರ ಹಬ್ಬ. ತಾತನ ಬೆನ್ನು ಬಿಡುವುದಿಲ್ಲ. ಮಾವ ಅವಳನ್ನು ಅಂಜನಾ ಅನ್ನುವುದೇ ಇಲ್ಲ. ತೊಟ್ಟಿಲಲ್ಲಿ ಇಟ್ಟದ್ದು ತೀರಿಹೋದ ಅತ್ತೆಯ ಹೆಸರು. ಹೆಂಡತಿ ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿಯದ ಮನುಷ್ಯ, ಈಗ ಮೊಮ್ಮಗಳನ್ನು ಬಾಯಿ ತುಂಬ ಕರೆಯುತ್ತಾರೆ. ಇವಳೂ "ಬಂದೆ ತಾತಾ!" ಎಂದು ಓಡುತ್ತಾಳೆ. ಸೊಸೆಯಾದವಳು ಅತ್ತೆಯ ಹೆಸರು ಹಿಡಿಯಬಾರದು. ಅದಕ್ಕೇ ನಾನು ಅಂಜನಾ ಅಂತ ಇಟ್ಟುಕೊಂಡೆ. ಆರು ವರ್ಷವಾಯಿತು, ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಇಲ್ಲಿ ಬರೆಯಲೂ ಕೈ ಏಳುವುದಿಲ್ಲ... ಎಂಥ ಹುಚ್ಚು.

ನಾಳೆ ಪಾರ್ಕು. ಸಿರುಗುಪ್ಪ ರಸ್ತೆಯಲ್ಲಿ ಹೊಸದು. ಇವರು ಮಗಳಿಗೆ ಮಾತು ಕೊಟ್ಟಾಗಿದೆ.

ಅಕ್ಟೋಬರ್ 9, ಸಂಜೆ 7

ಹೋಗಿ ಬಂದೆವು. ಹನ್ನೆರಡಕ್ಕೇ ಮಳೆ ಹಿಡಿಯಿತು. ಸುತ್ತಲೂ ಭತ್ತದ ಗದ್ದೆ, ನಡುವೆ ಜೈಂಟ್ ವೀಲ್, ಅದೂ ನಿಂತೇ ಇತ್ತು. ಗೇಟಿನಲ್ಲಿ ಮಕ್ಕಳಿಗೆಲ್ಲ ಒಂದೇ ಥರದ ಹಳದಿ ರೇನ್‌ಕೋಟ್ ಕೊಟ್ಟರು. ಟೋಪಿ ಮೂಗಿನವರೆಗೆ.

ಗುಡುಗು ಬಡಿದಾಗ ಮಕ್ಕಳು ಚೆಲ್ಲಾಪಿಲ್ಲಿ. ಅಂಜು ಕೈ ಬಿಡಿಸಿಕೊಂಡಳು. ಎರಡು ನಿಮಿಷ, ಅಷ್ಟೇ. ಕೈ ಸಿಕ್ಕಿತು, ಎಳೆದುಕೊಂಡು ಶೆಡ್ಡಿಗೆ ಓಡಿದೆ. ಟೋಪಿ ಸರಿಸಿ ನೋಡಿದೆ. ಅಂಜೂನೇ.

ಆಗ ಮೈಕು. ಮೊದಲು ತೆಲುಗು, ಆಮೇಲೆ ಕನ್ನಡ. ಹುಡುಗಿಯೊಬ್ಬಳು ಕೌಂಟರಿನಲ್ಲಿದ್ದಾಳೆ, ಕುರುಗೋಡಿನ ಗಾದಿಲಿಂಗಪ್ಪನವರ ಮೊಮ್ಮಗಳಂತೆ, ತಾಯಿ ಬಂದು ಕರೆದುಕೊಂಡು ಹೋಗಬೇಕು. ಹೆಸರೂ ಹೇಳಿದರು. ಅತ್ತೆಯ ಹೆಸರು, ಪೂರ್ತಿ.

ಇವರು ನಕ್ಕುಬಿಟ್ಟರು. "ಕೂಸು ನಿನ್ನ ಕೈಯಾಗ ಐತಲ್ಲ! ಊರಾಗ ಗಾದಿಲಿಂಗಪ್ಪ ಅಂದ್ರ ನಮ್ಮಪ್ಪ ಒಬ್ಬನ ಏನು? ನಡಿ, ಕಾರ್ ತರ್ತೀನಿ."

ಮೂರು ಸಲ ಕೂಗಿದರು. ನಾನು ಹೋಗಲಿಲ್ಲ.

ಅಕ್ಟೋಬರ್ 10

ಮಾವ ಪಡಸಾಲೆಯಿಂದಲೇ ಕೇಳಿದರು. "ಕೂಸಿಗೆ ಬೈದೇನವ್ವ? ಎಷ್ಟು ಕರೆದ್ರೂ ಓ ಅನ್ನವಲ್ದು."

"ಅಂಜು" ಅಂದರೆ ತಿರುಗುತ್ತಾಳೆ. ತಾತ ಆ ಹೆಸರು ಹಿಡಿದರೆ ಕಲ್ಲಿನ ಹಾಗೆ ಕೂರುತ್ತಾಳೆ. ಕಿವಿಗೆ ಮಳೆನೀರು ಹೊಕ್ಕಿರಬೇಕು ಅಂದೆ. ಒಂದೇ ಹೆಸರಿಗೆ ಕಿವುಡಾಗುವ ಕಿವಿ ಯಾವುದು ಎಂದು ಮಾವ ಕೇಳಲಿಲ್ಲ, ಪುಣ್ಯ.

ಅಕ್ಟೋಬರ್ 15. ಬಳ್ಳಾರಿ.

ರೇನ್‌ಕೋಟ್ ಇನ್ನೂ ತೊಟ್ಟಿಕ್ಕುತ್ತಿದೆ. ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿದ್ದೆ. "ಪ್ಲಾಸ್ಟಿಕ್ ಹಂಗ ಇರ್ತೈತಿ ಬಿಡು" ಅಂದರು ಇವರು.

ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಸೂಜಿ ಕಂಡರೆ ಓಣಿ ಒಂದು ಮಾಡುವವಳು, ತಾನೇ ಕೈ ಚಾಚಿದಳು. ಬಿ ಪಾಸಿಟಿವ್. ಕಿವಿಯ ಹಿಂದಿನ ಮಚ್ಚೆ ಇದೆ. ಮೊಣಕಾಲಿನ ಗಾಯದ ಗುರುತೂ ಇದೆ. ಎಲ್ಲ ಮ್ಯಾಚ್. ಖುಷಿ ಆಗಬೇಕಿತ್ತು. ಬಾತ್‌ರೂಮಿನಲ್ಲಿ ನಿಂತು ಅತ್ತುಬಿಟ್ಟೆ.

ಅಕ್ಟೋಬರ್ 16

ಪಾರ್ಕಿಗೆ ಫೋನ್ ಮಾಡಿದೆ. ಕೌಂಟರಿನಲ್ಲಿ ಕೂರುವ ನಂದಿನಿ ಎಂಬಾಕೆ ಎತ್ತಿಕೊಂಡಳು.

"ಹ್ಞೂಂ ಮೇಡಂ, ಕೂಸು ಇತ್ರಿ. ಸಂಜಿತನಕ ಇಲ್ಲೇ ಕುಂತಿತ್ತು. ಯಾರು ಕರೆದ್ರೂ ಏಳಲಿಲ್ಲ. ನಮ್ಮವ್ವ ಹೆಸರು ಹಿಡಿದು ಕರೀಲಿ, ಬರ್ತೀನಿ, ಅಂತಿತ್ರಿ. ಒಂದ್ ಗಳಿಗಿ ಒಳಗ ಹೋಗಿ ಬರೂದ್ರಾಗ ಇರ್ಲಿಲ್ಲ. ಪೊಲೀಸ್ರಿಗೂ ಹೇಳೀವ್ರಿ. ಆದ್ರ ಕೂಸು ಕಳದೈತಿ ಅಂತ ಯಾರೂ ಬರ್ಲಿಲ್ಲ ನೋಡ್ರಿ... ನೀವು ಯಾರ್ರಿ?"

ಇಟ್ಟುಬಿಟ್ಟೆ.

ಅಕ್ಟೋಬರ್ 17, ಮಧ್ಯಾಹ್ನ 4

ಮಳೆ. ಇವರು ಸಿರುಗುಪ್ಪಕ್ಕೆ ಹೋಗಿದ್ದಾರೆ. ಇವಳು ನನ್ನ ಕಾಲ ಬಳಿ ಕೂತು ಚಿತ್ರ ಬರೆಯುತ್ತಿದ್ದಾಳೆ.

ಲ್ಯಾಬಿನಲ್ಲಿ ಸ್ಯಾಂಪಲ್ ಅದಲುಬದಲಾದರೆ ತಪ್ಪೊಪ್ಪಿಕೊಂಡು ಮತ್ತೆ ರಕ್ತ ತೆಗೆಯುತ್ತೇವೆ. ಇಲ್ಲಿ ಏನು ಮಾಡಲಿ? ಆ ಹೆಸರು ಹಿಡಿದು ಕರೆದರೆ ಅಲ್ಲಿ ಉಳಿದವಳು ಬರುತ್ತಾಳೆ. ಬಂದರೆ ಇವಳು? ಎಂಟು ದಿನ ಉಣಿಸಿದ್ದೇನೆ, ತಲೆ ಬಾಚಿದ್ದೇನೆ. ಮಲಗುವಾಗ ತಣ್ಣನೆಯ ಪುಟ್ಟ ಕೈ ನನ್ನ ಕುತ್ತಿಗೆಯ ಮೇಲಿರುತ್ತದೆ. ಭಯವಾಗುತ್ತದೆ. ತೆಗೆಯಲೂ ಮನಸ್ಸಾಗುವುದಿಲ್ಲ.

ಆದರೆ ನನ್ನ ಕೂಸು ಎಂಟು ದಿನದಿಂದ ಮಳೆಯಲ್ಲಿದೆ.

ಅತ್ತೆ, ತಪ್ಪು ತಿಳಿಯಬೇಡಿ. ಕೊಟ್ರಬಸಮ್ಮ. ಬರೆದೆ. ಇನ್ನು ಬಾಯಿಬಿಟ್ಟು—

ಕರೆದೆ.

ಇವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಪೆನ್ಸಿಲ್ ಮಾತ್ರ ನಿಂತಿತು. ಹೊರಗೆ ಗೇಟು ಕಿರ್ರೆಂದಿತು. "ಬಂದೆ ಅವ್ವಾ!" ಅದೇ ದನಿ. ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ...

ಇವಳು ನನ್ನ ಸೆರಗು ಹಿಡಿದಿದ್ದಾಳೆ. ಬರೆಯುತ್ತಿದ್ದೇನೆ, ಬರೆಯುವಷ್ಟು ಹೊತ್ತು ಏಳಬೇಕಾಗಿಲ್ಲ. "ಬಾಗಲ ತೆಗೀಬ್ಯಾಡವ್ವ" ಅನ್ನುತ್ತಿದ್ದಾಳೆ. "ನನಗ ನೀ ಇಟ್ಟ ಹೆಸರು ಒಂದ ಐತಿ."

ಚಿಲಕ ಅಲ್ಲಾಡುತ್ತಿದೆ. "ಅವ್ವಾ, ಚಳಿ ಆಗಾಕತ್ತೈತಿ."

ಎದ್ದು