ಎಂಜಿನ್ನಿನಿಂದ ಎರಡನೆಯ ಬೋಗಿ

೪ ಮಾರ್ಚ್, ಮಧ್ಯಾಹ್ನ

ದೂರು ಪುಸ್ತಕದಲ್ಲಿ ಮೊದಲು ಪೂರ್ಣ ಹೆಸರು ಬರೆದೆ. ಅದರ ಕೆಳಗೆ — ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೂವತ್ತನಾಲ್ಕು ವರ್ಷಗಳ ಸೇವೆ. ಅನಂತರ ದೂರು. ಓದುವ ದೀಪ ಉರಿಯುವುದಿಲ್ಲ. ಕಿಟಕಿಯ ಪರದೆಗೆ ಕೊಂಡಿಯಿಲ್ಲ. ನಲ್ಲಿಯನ್ನು ಒಂದು ಕೈಯಿಂದ ಒತ್ತಿ ಹಿಡಿದರಷ್ಟೇ ನೀರು. ಒತ್ತಿ ಹಿಡಿದ ಆ ಕೈಯನ್ನು ತೊಳೆಯುವುದು ಹೇಗೆಂದು ಇಲಾಖೆಯೇ ತಿಳಿಸಬೇಕು.

ಬೋಗಿಯ ಸಹಾಯಕ ಪುಸ್ತಕ ವಾಪಸು ತೆಗೆದುಕೊಂಡ. "ಮೇಡಂ, ರೈಲು ಹೊರಟು ಇನ್ನೂ ಒಂದು ಗಂಟೆ ಆಗಿಲ್ಲ."

"ಅದಕ್ಕೇ ಮೂರೇ ಬರೆದಿದ್ದೇನೆ."

ಎದುರಿನ ಬರ್ತಿನ ಬಟ್ಟೆ ವ್ಯಾಪಾರಿ ನಕ್ಕರು. ಪರಿಚಯವಿಲ್ಲದವರ ಮಾತಿಗೆ ನಗುವುದು ಸಭ್ಯತೆಯಲ್ಲ.

ಈ ರೈಲು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದೆ. ಆ ತುದಿಯಲ್ಲಿ ತಮ್ಮನ ನಿವೃತ್ತಿ ಸಮಾರಂಭ. ಅವನು ಮುಂಚಿತವಾಗಿ ಒಂದು ಕೈಪುಸ್ತಕ ಕಳುಹಿಸಿದ್ದ — ದೂರದ ರೈಲು ಪ್ರಯಾಣದಲ್ಲಿ ಏನೇನನ್ನು ನಿರೀಕ್ಷಿಸಬಹುದು ಎಂಬುದರ ಬಗ್ಗೆ. ಕೆಂಪು ಪೆನ್ನು ಹಿಡಿದೇ ಓದುತ್ತಿದ್ದೇನೆ. 'ಸಹಪ್ರಯಾಣಿಕರೊಡನೆ ಸ್ನೇಹ ಬೆಳೆಯುವುದು ನಿಶ್ಚಿತ.' ಆಧಾರವೇನು? ವ್ಯಾಪಾರಿಯ ಎರಡು ಗಂಟುಗಳು ನಾನು ಕಾಲಿಡುವ ಜಾಗದಲ್ಲಿವೆ. 'ಊಟದ ಬೋಗಿಯಲ್ಲಿ ಬಿಸಿ ಆಹಾರ ದೊರೆಯುತ್ತದೆ.' ಮುಟ್ಟಿ ನೋಡಿದೆ. ಬಿಸಿಯಾಗಿದ್ದದ್ದು ತಟ್ಟೆ.

೪ ಮಾರ್ಚ್, ಸಂಜೆ

ನಾಳೆ ಮಧ್ಯಾಹ್ನ ಅಕ್ಕನ ಊರು. ಅಲ್ಲಿ ಎಂಟು ನಿಮಿಷದ ನಿಲುಗಡೆ. ಅಕ್ಕ ಪ್ಲಾಟ್‌ಫಾರ್ಮಿಗೆ ಬರುತ್ತಾಳೆ. ಹನ್ನೊಂದು ವರ್ಷವಾಯಿತು ಅವಳ ಮುಖ ನೋಡಿ.

ಅವಳ ಮನೆಗೆ ನಾನು ಹೋಗುವುದಿಲ್ಲ. ಭಾವ ಅಂದು ನೆಂಟರ ಮುಂದೆ, ಊಟದ ನಡುವೆ, "ನಮ್ಮವಳಿಗೆ ಏನು ಗೊತ್ತು, ನಾಲ್ಕಕ್ಷರ ಕಲಿಯದೋಳು" ಎಂದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು — ಅದನ್ನು ನೋಡಲಾಗಲಿಲ್ಲ. ನಾನು ಓದಲೆಂದು ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ಅವಳು. ಎದ್ದು ನಿಂತು ಅಕ್ಕನ ಕ್ಷಮೆ ಕೇಳಿ ಎಂದು ಭಾವನಿಗೆ ಹೇಳಿದೆ. "ಇದು ನಿನ್ನ ಕ್ಲಾಸ್ ರೂಮಲ್ಲ, ನನ್ನ ಮನೆ. ಇಷ್ಟ ಇಲ್ಲದಿದ್ರೆ ಹೊರಡು" ಎಂದರು. ಹೊರಟೆ. ಎಂಜಲು ಕೈಯಲ್ಲೇ ಹೊರಟೆ. ಅಂದು ಆಡಿದ ಮಾತಿನಲ್ಲಿ ಒಂದು ಪದವನ್ನೂ ಇಂದು ಹಿಂತೆಗೆಯುವುದಿಲ್ಲ.

ಕಳೆದ ವಾರ ಅಕ್ಕ ಫೋನಿನಲ್ಲಿ, "ನಂಗೂ ವಯಸ್ಸಾಯ್ತು ಕಣೇ. ಮನೆಗಂತೂ ಬರಲ್ಲ, ಸ್ಟೇಷನ್ನಲ್ಲಾದ್ರೂ ಮುಖ ತೋರ್ಸಿ ಹೋಗು" ಎಂದಳು. ಸ್ಟೇಷನ್ ಯಾರ ಮನೆಯೂ ಅಲ್ಲವಲ್ಲ. ಒಪ್ಪಿದೆ.

ಇವತ್ತು ಹತ್ತುವಾಗ ನಾನೇ ಬೋಗಿಗಳನ್ನು ಎಣಿಸಿದೆ. ಅಕ್ಕನಿಗೆ ಫೋನು ಮಾಡಿ ಎರಡು ಸಲ ಒಪ್ಪಿಸಿಕೊಂಡೆ — ಎಂಜಿನ್ನಿನಿಂದ ಎರಡನೆಯ ಬೋಗಿ. ಎಂಟು ನಿಮಿಷದಲ್ಲಿ ಒಂದನ್ನೂ ಹುಡುಕಾಟಕ್ಕೆ ವ್ಯರ್ಥ ಮಾಡುವಂತಿಲ್ಲ.

೫ ಮಾರ್ಚ್, ಬೆಳಗ್ಗೆ

ರೈಲು ಹಿಂದಕ್ಕೆ ಹೋಗುತ್ತಿದೆ.

ನಿನ್ನೆ ಮುಖಕ್ಕೆ ಎದುರಾಗಿ ಬರುತ್ತಿದ್ದ ಗಿಡಮರಗಳೆಲ್ಲ ಇಂದು ಬೆನ್ನ ಹಿಂದಿನಿಂದ ಬಂದು ಓಡಿಹೋಗುತ್ತಿವೆ. ಸಹಾಯಕನನ್ನು ಕರೆಸಿದೆ.

"ಜಂಕ್ಷನ್ನಲ್ಲಿ ಎಂಜಿನ್ ಈ ತುದಿಯಿಂದ ಬಿಚ್ಚಿ ಆ ತುದಿಗೆ ಹಾಕ್ತಾರೆ ಮೇಡಂ. ದಿನಾ ಹಾಗೇನೆ. ದಾರಿ ಅಲ್ಲಿಂದ ವಾಪಸ್ ತಿರುಗುತ್ತೆ."

"ಹಾಗಾದರೆ ಮುಖ ಮುಂದೆ ಮಾಡಿ ಕೂರಲು ನಾನು ಕೊಟ್ಟ ದುಡ್ಡು?"

"ಆ ಸಾರ್ ಕಡೆ ಕೂತ್ಕೊಳ್ಳಿ."

ವ್ಯಾಪಾರಿ ಕೂಡಲೇ ಜಾಗ ಬಿಟ್ಟುಕೊಟ್ಟರು, ಗಂಟುಗಳ ಸಮೇತ. ಇಷ್ಟು ಸುಲಭವಾಗಿ ಒಪ್ಪುವವರೊಡನೆ ವಾದ ಮಾಡುವುದು ಕಷ್ಟ. ಕೈಪುಸ್ತಕದಲ್ಲಿ ಈ ವಿಷಯದ ಉಲ್ಲೇಖವೇ ಇಲ್ಲ. ಸೂರ್ಯೋದಯದ ಬಗ್ಗೆ ಮಾತ್ರ ಒಂದೂವರೆ ಪುಟ!

೫ ಮಾರ್ಚ್, ಮಧ್ಯಾಹ್ನ

ಊರು ಹತ್ತಿರವಾಯಿತು. ತಲೆ ಬಾಚಿದೆ. ಸೀರೆ ಸರಿಯಿತ್ತು, ಶಾಲು ಸರಿಯಿಲ್ಲ ಎನಿಸಿತು, ಬದಲಾಯಿಸಿದೆ. ಬಾಗಿಲ ಬಳಿ ಹೋಗಿ ನಿಲ್ಲುತ್ತೇನೆ.

೫ ಮಾರ್ಚ್, ಮೂರು ಗಂಟೆ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಕ್ರಮವಾಗಿ ಬರೆಯಬೇಕು.

ರೈಲು ನಿಂತಿತು. ಬಾಗಿಲು ತೆರೆದರೆ ಎದುರಿಗೆ ಗೋಡೆ, ನೀರಿನ ಕೊಳಾಯಿ, ಮಲಗಿದ್ದ ನಾಯಿ. ಅಕ್ಕ ಇಲ್ಲ. ಯಾರೂ ಇಲ್ಲ. ಎಂಜಿನ್ ತುದಿ ಬದಲಾಯಿಸಿದ ಮೇಲೆ ನನ್ನ ಬೋಗಿ ಬಾಲದಿಂದ ಎರಡನೆಯದಾಗಿತ್ತು. ಅಕ್ಕ ಪ್ಲಾಟ್‌ಫಾರ್ಮಿನ ಆ ಕೊನೆಯಲ್ಲಿ, ನಾನು ಈ ಕೊನೆಯಲ್ಲಿ. ಅವಳ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ತೆಗೆಯಲಿಲ್ಲ. ಭಾವನ ನಂಬರನ್ನು ನಾನು ಇಟ್ಟುಕೊಂಡಿಲ್ಲ.

"ಕೆಳಗಿಳಿಬೇಡಿ ಮೇಡಂ, ಮತ್ತೆ ಹತ್ತೋಕಾಗಲ್ಲ. ಒಳಗಿಂದಾನೇ ಹೋಗಿ" ಎಂದ ಸಹಾಯಕ. ಹೋದೆ. ಬೋಗಿಯಿಂದ ಬೋಗಿಗೆ, ಸೂಟ್‌ಕೇಸುಗಳ ಮೇಲೆ, ಮಲಗಿದವರ ಕಾಲುಗಳ ಮೇಲೆ. ಊಟದ ಬೋಗಿಯಲ್ಲಿ ಹಾಲಿನ ಕ್ಯಾನುಗಳು ದಾರಿಗಡ್ಡ. "ಸರಿಸಿ" ಎಂದೆ. ಶಾಲೆಯ ದನಿ ಬಂದಿರಬೇಕು, ಸರಿಸಿದರು.

ಎಂಜಿನ್ ಕಡೆಯ ಎರಡನೆಯ ಬೋಗಿ ತಲುಪುವಷ್ಟರಲ್ಲಿ ರೈಲು ಜಗ್ಗಿತು. ಬಾಗಿಲಿಗೆ ಬಂದೆ. ಪ್ಲಾಟ್‌ಫಾರ್ಮಿನ ಮೇಲೆ, ನಾನು ಹೇಳಿದ ಜಾಗದಲ್ಲಿ ಕರಾರುವಾಕ್ಕಾಗಿ, ಕಂಬದ ಹಾಗೆ ನಿಂತಿದ್ದವರು ಭಾವ.

ಹನ್ನೊಂದು ವರ್ಷದ ಮೇಲೆ ನೋಡಬೇಕಾಗಿದ್ದ ಮುಖ ಯಾವುದು, ಕಂಡ ಮುಖ ಯಾವುದು!

ಸಣ್ಣಗಾಗಿದ್ದಾರೆ. ನನ್ನನ್ನು ನೋಡಿ ಜೊತೆಯಲ್ಲೇ ನಾಲ್ಕು ಹೆಜ್ಜೆ ಬಂದರು. "ಇಳಿದುಬಿಡಿ ಟೀಚರಮ್ಮ, ಇಳಿದುಬಿಡಿ" ಎಂದು ಕೂಗಿದರು. ಚಲಿಸುವ ರೈಲಿನಿಂದ, ಈ ಮಂಡಿಯಲ್ಲಿ. ಇಳಿಯಲಿಲ್ಲ. ಯಾರೋ ಹಿಂದಿನಿಂದ ತೋಳು ಹಿಡಿದೆಳೆದರು.

ಮರಳಿ ನನ್ನ ಜಾಗಕ್ಕೆ ಬಂದರೆ ಸೀಟಿನ ಮೇಲೆ ಒಂದು ಚೀಲ. ಅದರಲ್ಲಿ ಮಂಡಿನೋವಿನ ಎಣ್ಣೆಯ ಸೀಸೆ.

"ನಿಮ್ಮಕ್ಕ ಬಂದಿದ್ರು ಮೇಡಂ" ಎಂದರು ವ್ಯಾಪಾರಿ. "ಹೊರಗಡೆಯಿಂದ ನಡ್ಕೊಂಡು ಬಂದ್ರು. ನೀವು ಒಳಗಡೆಯಿಂದ ಆ ಕಡೆ ಹೋಗಿದೀರಿ ಅಂದೆ. ಯಾಕ್ರೀ ಬಿಟ್ರಿ ಅವಳನ್ನ, ಒಂದ್ಕಡೆ ನಿಲ್ಲೋ ಜಾತಿಯಲ್ಲ ಅದು, ಅಂತ ನಂಗೇ ಬೈದ್ರು. ನಿಮ್ಮ ಥರಾನೇ."

ಅಕ್ಕ ಈ ಕಿಟಕಿಯ ಹೊರಗೆ ನಿಂತಿದ್ದಳು. ಅವಳನ್ನು ಬಟ್ಟೆ ವ್ಯಾಪಾರಿ ನೋಡಿದರು, ನಾನು ನೋಡಲಿಲ್ಲ. ಇದನ್ನು ಯಾವ ನ್ಯಾಯ ಎನ್ನುವುದು?

ಕೇಳಬಾರದೆಂದುಕೊಂಡೆ. ಕೇಳಿದೆ. ಕೂದಲು ಪೂರ್ತಿ ಬೆಳ್ಳಗಾಗಿದೆಯೇ?

"ಪೂರ್ತಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, "ಕುಂಟ್ತಾ ಇದ್ರು, ಆದ್ರೆ ಜೋರಾಗೇ ಬಂದ್ರು" ಎಂದರು.

೫ ಮಾರ್ಚ್, ಸಂಜೆ

ಅಕ್ಕನ ಫೋನು. ಫೋನನ್ನು ಮನೆಯಲ್ಲೇ ಮರೆತಿದ್ದಳಂತೆ.

"ಈ ಕಡೆಯಿಂದ ನಾನು, ಆ ಕಡೆಯಿಂದ ನೀನು. ಇಬ್ರಲ್ಲಿ ಒಬ್ರು ಸುಮ್ನೆ ನಿಂತಿದ್ರೆ ಆಗ್ತಿತ್ತು" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು.

ಆಮೇಲೆ ಹೇಳಿದಳು. "ಇವ್ರು ಮಾತ್ರ ಅಲ್ಲಾಡ್ಲಿಲ್ಲ ಕಣೇ. ಟೀಚರ್ ಎರಡನೇ ಬೋಗಿ ಅಂದಿದಾಳೆ, ಅವ್ಳು ಹೇಳಿದ್ಮೇಲೆ ತಪ್ಪಿರಲ್ಲ, ನಾನಿಲ್ಲೇ ಇರ್ತೀನಿ ಅಂದ್ರು."

"ಚಲಿಸುವ ರೈಲಿನಿಂದ ಇಳಿ ಎಂದರಲ್ಲ, ಅದೂ ತಪ್ಪಲ್ಲವೇ?"

"ಮನೆಗೆ ಬಾ ಅಂತ ಕಣೇ ಅವ್ರು ಅಂದಿದ್ದು."

"ಮನೆಗೆ ಬಾ ಎನ್ನುವುದಿದ್ದರೆ ಮನೆಗೆ ಬಾ ಎನ್ನಬೇಕು. ಇಳಿ ಎನ್ನುವುದು ಆಹ್ವಾನವಲ್ಲ."

"ಅಯ್ಯೋ, ನೀವಿಬ್ರೂ..." ಎಂದು ಅಕ್ಕ ಫೋನಿಟ್ಟಳು.

೧೪ ಮಾರ್ಚ್

ತಮ್ಮನ ಸಮಾರಂಭ ಚೆನ್ನಾಗಿ ನಡೆಯಿತು. ಭಾಷಣಗಳು ಉದ್ದ. ಈ ನಡುವೆ ಏನೂ ಬರೆಯಲಾಗಲಿಲ್ಲ. ಬರೆದದ್ದೆಲ್ಲ ರೈಲ್ವೆ ಇಲಾಖೆಗೆ ಪತ್ರದ ಕರಡು. ಪರಿಹಾರ ಕೇಳಿಲ್ಲ. ಎಂಜಿನ್ ತುದಿ ಬದಲಾದಾಗ ಬೋಗಿಗಳ ಕ್ರಮವೂ ತಿರುವುಮುರುವಾಗುತ್ತದೆಂದು ಪ್ರತಿ ಪ್ರಯಾಣಿಕರಿಗೂ ತಿಳಿಸತಕ್ಕದ್ದು. ನಿಲ್ದಾಣಕ್ಕೆ ಬರುವವರಲ್ಲಿ ಮುದುಕರೂ ಇರುತ್ತಾರೆ. ಎಂಟು ನಿಮಿಷಕ್ಕಾಗಿಯೇ ಬಂದವರಿರುತ್ತಾರೆ.

ತಮ್ಮ ಓದಿದ. "ಎಂಜಿನ್ ಬದಲಾಗಿದ್ದು ನಿಂಗೆ ಬೆಳಗ್ಗೇನೇ ಗೊತ್ತಿತ್ತಲ್ಲಕ್ಕ?"

"ಗೊತ್ತಿರುವುದು ಬೇರೆ, ತಿಳಿಸುವುದು ಅವರ ಕರ್ತವ್ಯ. ವಿಷಯಾಂತರ ಬೇಡ."

ಅಕ್ಕ ಅಲ್ಲಿಗೆ ಬಂದಿದ್ದಳು ಎಂಬುದಕ್ಕೆ ಸಾಕ್ಷ್ಯ ಬೇಕು. ಪ್ಲಾಟ್‌ಫಾರ್ಮ್ ಟಿಕೆಟು ಇದ್ದೀತು. ಅಂಚೆಯಲ್ಲಿ ಕಳುಹಿಸು ಎಂದು ಫೋನು ಮಾಡಿದೆ. ಆ ಕಡೆ ಪಿಸುಮಾತು. ಆಮೇಲೆ ಫೋನಿಗೆ ಬಂದವರು ಭಾವ.

"ಟಿಕೆಟ್ ನನ್ನ ಹತ್ರ ಇದೆ. ಅಂಚೆಗೆ ಹಾಕಲ್ಲ."

"ಯಾಕೆ?"

"ಕಳೆದುಹೋದ್ರೆ? ದಾಖಲೆ ಅದು. ಬೇಕಾದೋರು ಬಂದು ತಗೊಂಡು ಹೋಗ್ಲಿ."

"ಎಲ್ಲಿಗೆ ಬಂದು?"

ಫೋನು ಕಡಿದುಹೋಯಿತೇನೋ ಎಂದುಕೊಂಡೆ.

"ಮನೆಗೆ" ಎಂದರು.

೧೭ ಮಾರ್ಚ್

ವಾಪಸು ಟಿಕೆಟನ್ನು ಬದಲಾಯಿಸಿ ಅಕ್ಕನ ಊರಿಗೆ ಮಾಡಿಸಿದೆ. ಎಷ್ಟು ದಿನ ಇರುತ್ತೀಯೆಂದು ತಮ್ಮ ಕೇಳಿದ. ದಾಖಲೆ ಕೈಗೆ ಸಿಗುವವರೆಗೆ ಎಂದೆ. ಬೇಗ ಸಿಗದಿರಬಹುದು, ಆ ಮನೆಯಲ್ಲಿ ಯಾವ ವಸ್ತುವೂ ಇಟ್ಟ ಜಾಗದಲ್ಲಿರುವುದಿಲ್ಲ.

ಪತ್ರದ ಶುದ್ಧಪ್ರತಿ ಸಿದ್ಧವಾಗಿದೆ. ಲಗತ್ತುಗಳು:

೧. ನನ್ನ ಪ್ರಯಾಣದ ಟಿಕೆಟಿನ ನಕಲು.

೨. ಕೈಪುಸ್ತಕದ ಸಂಬಂಧಿತ ಪುಟಗಳು, ತಿದ್ದುಪಡಿಗಳ ಸಹಿತ.

೩. ಬಟ್ಟೆ ವ್ಯಾಪಾರಿಯ ಹೇಳಿಕೆ, ಸಹಿ ಸಹಿತ. (ಮನುಷ್ಯ ಒಳ್ಳೆಯವರು.)

೪. ಅಕ್ಕನ ಪ್ಲಾಟ್‌ಫಾರ್ಮ್ ಟಿಕೆಟು, ಮೂಲಪ್ರತಿ. ಖುದ್ದಾಗಿ ಪಡೆಯತಕ್ಕದ್ದು.

೫. ಭಾವನ ಪ್ಲಾಟ್‌ಫಾರ್ಮ್ ಟಿಕೆಟು. ಅವರೂ ಒಂದು ಕೊಂಡಿದ್ದರೇ? ಕೊಳ್ಳದೆ ಒಳಗೆ ಬಂದಿದ್ದರೆ ಅದು ಅಪರಾಧ. ಕೇಳಬೇಕು, ಎದುರಿಗೆ ಕೂತು, ಊಟವಾದ ಮೇಲೆ —