ಉಜ್ಜಿದ ಮೇಲಿನ ದಪ್ಪ

ಮಾರ್ಚ್ ೧೪

ಪ್ರೀತಿಯ ಮಿಲಿಮೀಟರ್,

ಹೇಗಿದ್ದೀಯೇ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕುಳಿತಿದ್ದೆ. ಬೈದುಕೋ, ಆದರೆ ಪೂರ್ತಿ ಓದಿ ಬೈದುಕೋ. ಶಾಲೆಯ ಮಕ್ಕಳು ಹೊಸ ಟೀಚರಮ್ಮನ ತಲೆ ತಿನ್ನುತ್ತಿರಬೇಕು.

ಇಲ್ಲಿ ಲ್ಯಾಬಿನ ಕುಲುಮೆ ಈಗಲೂ ಬೇಕಾದಾಗಲೇ ಕೈಕೊಡುತ್ತದೆ. ಬ್ಯಾಟರಿಯೊಳಗೆ ಬೆಂಕಿ ಹತ್ತುವ ದ್ರವದ ಬದಲು, ಲಿಥಿಯಂ ಅಯಾನುಗಳು ಸರಾಗವಾಗಿ ಓಡಾಡುವ ಗಟ್ಟಿ ಬಿಲ್ಲೆ ಮಾಡಬೇಕೆಂದು ನಾವಿಬ್ಬರೂ ಒದ್ದಾಡಿದೆವಲ್ಲ, ನಾನಿನ್ನೂ ಅದರಲ್ಲೇ ಇದ್ದೇನೆ. ಆಗ ನನ್ನ ಬಿಲ್ಲೆಯ ವಾಹಕತೆ ಯಾವಾಗಲೂ ನಿನ್ನದಕ್ಕಿಂತ ಹೆಚ್ಚು ಬರುತ್ತಿತ್ತು. ನಿನ್ನ ಮಿಶ್ರಣವೇ ಸರಿಯಿಲ್ಲ ಎಂದರು ಎಲ್ಲರೂ. ನೀನೂ ಅದನ್ನೇ ನಂಬಿ ಕೆಲಸ ಬಿಟ್ಟು ಹೋದೆ.

ಹೋದ ವಾರ ಹಳೆಯ ನೋಟ್‌ಬುಕ್ ತಿರುವುತ್ತಿದ್ದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಕುಲುಮೆಯಿಂದ ತೆಗೆದ ಬಿಲ್ಲೆಯನ್ನು ಉಜ್ಜಿ ನಯ ಮಾಡಿದರೆ ಅದು ತೆಳ್ಳಗಾಗುತ್ತದೆ. ಉಜ್ಜುವಾಗ ಎಲ್ಲಿ ಒಡೆದೀತೋ ಎಂದು ನಾನು ಮೊದಲೇ ದಪ್ಪ ಅಳೆದು ಬರೆದಿಡುತ್ತಿದ್ದೆ, ಲೆಕ್ಕಕ್ಕೂ ಆ ಹೆಚ್ಚಿನ ದಪ್ಪವನ್ನೇ ಹಾಕುತ್ತಿದ್ದೆ, ಅದಕ್ಕೇ ವಾಹಕತೆಯೂ ಹೆಚ್ಚು ಬರುತ್ತಿತ್ತು. ನೀನು ಉಜ್ಜಿದ ಮೇಲೆ ಮೂರು ಕಡೆ ಅಳೆಯುತ್ತಿದ್ದೆ. ನಿನಗೆ ಮಿಲಿಮೀಟರ್ ಎಂಬ ಹೆಸರು ಬಿದ್ದದ್ದೇ ಅದರಿಂದ. ಸರಿಯಾದ ದಪ್ಪ ಹಾಕಿದರೆ ನನ್ನ ವಾಹಕತೆಯಲ್ಲಿ ಮೂರನೇ ಒಂದು ಪಾಲು ಇಳಿಯುತ್ತದೆ. ನಿನ್ನದೇ ಮೇಲು.

ನಮ್ಮ ಲ್ಯಾಬಿನ ಮೇಡಂ ಹತ್ತಿರ ಹೋಗಿ ಒಪ್ಪಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ಎರಡೂ ಲೆಕ್ಕ ತಾಳೆ ನೋಡಿದರು. "ಮೊದ್ಲು ಆ ಅಂಕಿ ಹಾಕಿ ಅಚ್ಚಾದ ನಿನ್ನ ಪ್ರಬಂಧ ತಿದ್ದಿ ಕಳಿಸು. ಆಮೇಲೆ ಅವಳ ಮಿಶ್ರಣ ಮತ್ತೆ ಮಾಡು, ನಾನೇ ಪಕ್ಕದಲ್ಲಿ ನಿಂತು ನೋಡ್ತೀನಿ" ಎಂದರು. ನಾಲ್ಕು ಬಿಲ್ಲೆ ಮಾಡಿದೆವು. ನಾಲ್ಕೂ ನಿನ್ನ ಅಂಕಿಯನ್ನೇ ಕೊಟ್ಟವು ಕಣೇ. ಮೇಡಂ, "ಅವಳಿಗೆ ಬರೆದು ಕರಿ. ಬರಲ್ಲ ಅಂದ್ರೆ ನಾನೇ ಹೋಗಿ ಕರ್ಕೊಂಡು ಬರ್ತೀನಿ" ಎಂದಿದ್ದಾರೆ. ಜೂನ್‌ನಿಂದ ಒಂದು ಹುದ್ದೆ ಖಾಲಿಯಿದೆ. ಹೊಸ ಪ್ರಬಂಧದಲ್ಲಿ ಮೊದಲ ಹೆಸರು ನಿನ್ನದು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನಗೆ ಎಲ್ಲ ಒಳ್ಳೆಯದಾಗಲಿ, ಮನಸಾರೆ ಹೇಳುತ್ತಿದ್ದೇನೆ.

ನಿನ್ನ,
ಗಡಿಬಿಡಿ

ತಾ.ಕ.: ಹೋದ ವಾರ ಗೊತ್ತಾಯಿತು ಎಂದೆನಲ್ಲ, ಅದು ಸುಳ್ಳು. ನೀನು ಹೊರಡುವ ಹಿಂದಿನ ದಿನ, "ಒಂದೇ ಬಿಲ್ಲೆನ ಇಬ್ರೂ ಸೇರಿ ಅಳೆಯೋಣ ಬಾರೇ" ಎಂದು ನೀನೇ ನನ್ನನ್ನು ಕರೆದಿದ್ದೆ. ನಾನು ಪುರುಸೊತ್ತಿಲ್ಲ ಎಂದೆ. ನೀನು ಹೋದ ಮೇಲೆ ನಾನೊಬ್ಬಳೇ ಅಳೆದು ನೋಡಿದೆ, ತಪ್ಪು ಆಗಲೇ ಗೊತ್ತಾಯಿತು. ಎರಡು ವರ್ಷ ಬಾಯಿ ಬಿಡಲಿಲ್ಲ. ನಿನ್ನ ಎರಡನೇ ಪತ್ರದಲ್ಲಿ "ನನ್ನ ಕೈಯೇ ಸರಿ ಇಲ್ಲ" ಎಂದು ಬರೆದಿದ್ದೆಯಲ್ಲ, ಆಮೇಲೆ ತಡೆಯಲಾಗಲಿಲ್ಲ. ಮೇಡಂಗೆ ಇದನ್ನೂ ಹೇಳಿದ್ದೇನೆ. ನನ್ನ ಮುಖ ನೋಡುವುದು ಕಷ್ಟವಾದರೆ ಹೇಳು, ನಾನು ಬೇರೆ ಕೋಣೆಗೆ ಹೋಗುತ್ತೇನೆ. ನೀನು ಮಾತ್ರ ಬಾ.