ಪಕ್ಕದ ಸೀಟಿನ ಮಾತು

ಹುಂಡರ್, ನುಬ್ರಾ ಕಣಿವೆ, ಲಡಾಖ್
ಜೂನ್ ಕೊನೆಯ ಶುಕ್ರವಾರ, ಬೆಳಗಿನ ಚಹಾದ ಹೊತ್ತು

ಜಯನಗರ ನಾಲ್ಕನೇ ಟಿ ಬ್ಲಾಕಿನ ಗೇಟು ದಾಟದ ಮಹಾರಾಣಿ ಸರಸ್ವತಿಗೆ,

ಹನುಮಂತನಗರದ ಜಯಶೀಲಳ ಶರಣು. ನಾನು ಬದುಕಿದ್ದೇನೆ. ನಿನ್ನ ಹರಕೆಯಿಂದಲ್ಲ, ನನ್ನ ಹಟದಿಂದ.

ಲೇಹ್‌ಗೆ ಬಂದಿಳಿದ ದಿನದಿಂದ ಫೋನ್ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಊರಿನವರ ಫೋನುಗಳನ್ನೆಲ್ಲ ಎತ್ತಿದವಳು ನೀನು, ಈಗ ಗೆಳತಿಯದ್ದನ್ನು ಎತ್ತಲಾರೆ. ಇರಲಿ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ನಾನು ಉಳಿದುಕೊಂಡಿರುವ ಮನೆಯಲ್ಲೇ ಬಿಟಿಎಂ ಲೇಔಟಿನ ಗಂಡ ಹೆಂಡತಿ ಇಳಿದಿದ್ದಾರೆ. ಭಾನುವಾರ ಬೆಂಗಳೂರು ಸೇರುತ್ತಾರೆ, ಸಂಜೆ ನಿನ್ನ ಮನೆ ಬಾಗಿಲಿಗೇ ಬಂದು ಇದನ್ನು ಕೊಡುತ್ತಾರೆ. ಬೆಲ್ ಆದಾಗ ಕಿಟಕಿಯ ಪರದೆಯ ಹಿಂದೆ ನಿಲ್ಲಬೇಡ. ಒಳ್ಳೆಯ ಮಕ್ಕಳು, ಕಾಫಿ ಕೊಟ್ಟು ಕಳಿಸು.

ಈಗ ಕೇಳು. ಮೂರನೆಯ ಗಂಟೆ ಬಾರಿಸಿದೆ, ಪರದೆ ಏಳುತ್ತಿದೆ.

ಮೊದಲ ದೃಶ್ಯ ನಿನ್ನ ಮನೆಯ ಗೇಟೇ. ಇನ್ನೂ ಹಾಲಿನವನು ಬಂದಿರದ ಹೊತ್ತು. ವಿಮಾನ ನಿಲ್ದಾಣಕ್ಕೆ ಹೊರಟ ಕಾರು ನಿಲ್ಲಿಸಿಕೊಂಡು ನಾನು ಒಳಗೆ ಕೂತಿದ್ದೇನೆ. ಎರಡು ಟಿಕೆಟ್ಟು, ಎರಡು ಉಣ್ಣೆ ಟೋಪಿ. ನೀನು ಬಂದೆ. ಕೈಯಲ್ಲಿ ಸೂಟ್‌ಕೇಸಿಲ್ಲ, ಪುಳಿಯೋಗರೆಯ ಸ್ಟೀಲ್ ಡಬ್ಬಿ. ನನ್ನ ತೊಡೆಯ ಮೇಲೆ ಅದನ್ನಿಟ್ಟು, "ನೀನು ಹೋಗ್ಬಾ ಜಯ, ಮಾಧವನಿಗೆ ಇಷ್ಟ ಇಲ್ಲ" ಅಂದೆ. ಅಷ್ಟೇ ಮಾತು. ಮಗನಿಗೆ ಇಷ್ಟವಿಲ್ಲವಂತೆ. ಅಲ್ಲಿಂದ ದೇವನಹಳ್ಳಿಯವರೆಗೆ ನಾನು ಮಾಧವನನ್ನು ಬೈದ ಬೈಗುಳಕ್ಕೆ ಕಾರಿನ ಡ್ರೈವರ್ ರೇಡಿಯೋ ನಿಲ್ಲಿಸಿದ.

ನನ್ನ ಅಪ್ಪ ಕೊಟ್ರಪ್ಪನವರ ನಾಟಕ ಕಂಪನಿಯ ಪದ್ಧತಿಯನ್ನು ನಿನಗೆ ಎಷ್ಟು ಸಲ ಹೇಳಿಲ್ಲ. ಕ್ಯಾಂಪಿನಲ್ಲಿ ಯಾವನೋ ನಟ ಬಸ್ಸು ತಪ್ಪಿಸಿಕೊಂಡನೋ, ಕುಡಿದು ಬಿದ್ದನೋ, ಅಪ್ಪ ಪರದೆ ಇಳಿಸುತ್ತಿರಲಿಲ್ಲ. ರಾಜನ ವೇಷದಲ್ಲಿ ನಿಂತು ಖಾಲಿ ಜಾಗವನ್ನು ದಿಟ್ಟಿಸಿ, "ಏನೆಂದೆ ಮಂತ್ರಿ? ಶತ್ರುಸೈನ್ಯ ಹೊಳೆ ದಾಟಿತೆಂದೆಯಾ?" ಎಂದು ಅವನ ಮಾತನ್ನೂ ತಾನೇ ಹೇಳಿ, ಅದಕ್ಕೆ ಉತ್ತರವನ್ನೂ ತಾನೇ ಕೊಟ್ಟು, ದೃಶ್ಯವನ್ನು ದಡ ಮುಟ್ಟಿಸುತ್ತಿದ್ದರು. ನೆಲದ ಮೇಲೆ ಕೂತು ನೋಡಿದವರು ಮರುದಿನ ಮಂತ್ರಿಯ ಪಾತ್ರ ಬಹಳ ಚೆನ್ನಾಗಿತ್ತು ಅನ್ನುತ್ತಿದ್ದರು. ಆ ಟೆಂಟಿನ ಹಿಂದೆ ತೊಟ್ಟಿಲಲ್ಲಿ ಬೆಳೆದವಳು ನಾನು. ಒಬ್ಬ ಪಾತ್ರಧಾರಿ ಕೈಕೊಟ್ಟರೆ ಆಟ ನಿಲ್ಲಿಸುವ ರಕ್ತ ನನ್ನದಲ್ಲ.

ಆದ್ದರಿಂದ ನಿನ್ನೆ ಬೆಳಿಗ್ಗೆ ಲೇಹ್‌ನಲ್ಲಿ ಕಾರು ಹತ್ತಿದ ಕೂಡಲೇ ನಿನ್ನ ಉಣ್ಣೆ ಟೋಪಿಯನ್ನು ಪಕ್ಕದ ಸೀಟಿನ ಮೇಲೆ ಇಟ್ಟೆ, ಅದರ ಮುಂದೆ ಲೇಹ್‌ನ ಚಳಿಗೆ ಕೆಡದೆ ಉಳಿದಿದ್ದ ಪುಳಿಯೋಗರೆ ಡಬ್ಬಿ ಇಟ್ಟೆ, ಸೀಟ್ ಬೆಲ್ಟ್ ಎಳೆದು ಹಾಕಿದೆ. ಆಟ ಶುರು.

ಡ್ರೈವರನ ಹೆಸರು ದೋರ್ಜೆ. ಮಾತು ಕಡಿಮೆ, ಕನ್ನಡಿಯಲ್ಲಿ ಕಣ್ಣು ಜಾಸ್ತಿ. ಊರು ಬಿಟ್ಟದ್ದೇ ತಡ, ರಸ್ತೆ ಬೆಟ್ಟಕ್ಕೆ ಸುತ್ತಿದ ಪೇಟದಂತೆ ಮೇಲೇರತೊಡಗಿತು. ಒಂದು ಗಿಡವಿಲ್ಲ. ಒಂದು ಹುಲ್ಲುಕಡ್ಡಿಯಿಲ್ಲ. ಹುರಿದ ರಾಗಿಹಿಟ್ಟಿನ ಬಣ್ಣದ ಬೆಟ್ಟ, ಅದರಾಚೆ ಅರಿಸಿನ ಕದಡಿದಂಥದ್ದು, ಅದರಾಚೆ ನೇರಳೆ. ನಮ್ಮ ರಾಮಾಂಜನೇಯ ಗುಡ್ಡವನ್ನು ದಿನಾ ಹತ್ತಿ ಇಳಿದು ನಾನು ಬೆಟ್ಟ ಬಲ್ಲೆ ಅಂದುಕೊಂಡಿದ್ದೆ. ಇಲ್ಲಿನ ಬೆಟ್ಟಗಳು ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಆಡಿಸುತ್ತವೆ ಕಣೇ.

ನಾನು ಸುಮ್ಮನಿದ್ದೆನೆ? "ಏನೆಂದೆ ಸರಸು? ತಲೆ ತಿರುಗ್ತಿದೆಯಾ? ಕೆಳಗೆ ನೋಡ್ಬೇಡ್ವೇ" ಅಂದೆ. ನಿನ್ನ ದನಿಯಲ್ಲಿ ನಾನೇ, "ಮಾಧವನಿಗೆ ಗೊತ್ತಾದ್ರೆ ಬೈತಾನೆ ಜಯ" ಅಂದೆ. ಮತ್ತೆ ನನ್ನ ದನಿಯಲ್ಲಿ ಆ ಮಾಧವನನ್ನು ದುಷ್ಟ ರಾಜಕುಮಾರನನ್ನಾಗಿ ಮಾಡಿ, ಹೆತ್ತ ತಾಯಿಯನ್ನು ಅಂತಃಪುರದಲ್ಲಿ ಸೆರೆಯಿಟ್ಟವನೆಂದು ಜರಿದೆ. ಮಧ್ಯೆ ಡಬ್ಬಿ ತೆಗೆದು ಒಂದು ತುತ್ತು ನಾನು ತಿಂದೆ, ಒಂದು ತುತ್ತನ್ನು ಮುಚ್ಚಳದಲ್ಲಿಟ್ಟು ನಿನ್ನ ಕಡೆ ಸರಿಸಿದೆ. ದೋರ್ಜೆ ಕನ್ನಡಿಯನ್ನು ಸ್ವಲ್ಪ ಕೆಳಗೆ ತಿರುಗಿಸಿ ಆ ಸೀಟನ್ನು ನೋಡಿದ. ನನಗೆ ಪ್ರೇಕ್ಷಕ ಸಿಕ್ಕಿದನೆಂದು ಇನ್ನಷ್ಟು ಉಮೇದು.

ಖರ್ದುಂಗ್ ಲಾ ಎಂಬ ಘಟ್ಟದ ನೆತ್ತಿ. ಬಣ್ಣಬಣ್ಣದ ಬಾವುಟಗಳ ಸಾಲು ಗಾಳಿಗೆ ಪಟಪಟ ಬಡಿಯುತ್ತದೆ, ಎರಡೂ ಕಡೆ ಹಿಮ, ಪ್ರವಾಸಿಗಳೆಲ್ಲ ಬೋರ್ಡಿನ ಮುಂದೆ ಫೋಟೋಗೆ ನೂಕಾಡುತ್ತಾರೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ, ಓಡಬೇಡಿ, ಕೂಗಬೇಡಿ ಅಂತ ದೋರ್ಜೆ ಮೊದಲೇ ಹೇಳಿದ್ದ. ಆದರೆ ಹೊಸ ಊರಿಗೆ ಕಂಪನಿ ಹೋದಾಗ ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಯಾವುದು? ಖಾಲಿ ಬಯಲಲ್ಲಿ ನಿಂತು ಕೊನೆಯ ಸಾಲಿಗೆ ಮುಟ್ಟುವಂತೆ ಒಂದು ಮಾತು ಎಸೆದು, ದನಿ ಎಲ್ಲಿಯವರೆಗೆ ಹೋಗುತ್ತದೆಂದು ನೋಡುವುದು. ಇಷ್ಟು ದೊಡ್ಡ ಬಯಲು ನನಗೆ ಯಾವ ಜನ್ಮದಲ್ಲಿ ಸಿಕ್ಕೀತು? ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಮಕ್ಕೆ ಎದುರಾಗಿ, "ಯಾರಲ್ಲಿ? ಕೋಟೆಯ ಬಾಗಿಲು ತೆರೆಯಿರಿ" ಎಂದು ಗುಡುಗಿದೆ.

ಕೋಟೆಯ ಬಾಗಿಲು ತೆರೆಯಿತೋ ಇಲ್ಲವೋ, ನನ್ನ ಮೊಣಕಾಲು ಮಡಚಿತು. ಉಸಿರು ಒಳಗೆ ಬರಲು ಒಪ್ಪಲಿಲ್ಲ. ಬಾವುಟ, ಹಿಮ, ಜನ ಎಲ್ಲ ಒಂದೇ ಬಿಳಿ.

ಕಣ್ಣು ಬಿಟ್ಟಾಗ ಸೈನ್ಯದವರ ಚಿಕಿತ್ಸಾ ಕೋಣೆ. ಬೆರಳಿಗೆ ಕ್ಲಿಪ್ಪು, ಮೂಗಿಗೆ ಆಮ್ಲಜನಕ. ದೋರ್ಜೆ ಬಾಗಿಲಲ್ಲಿ ನಿಂತು ಸಮವಸ್ತ್ರದ ವೈದ್ಯನಿಗೆ ವರದಿ ಒಪ್ಪಿಸುತ್ತಿದ್ದಾನೆ: ಈ ಅಮ್ಮ ಲೇಹ್ ಬಿಟ್ಟಾಗಿನಿಂದ ಇಲ್ಲದವರ ಜೊತೆ ಜಗಳವಾಡುತ್ತಿದ್ದಾರೆ, ಅವರಿಗೆ ಅನ್ನವನ್ನೂ ಕೊಟ್ಟರು. ವೈದ್ಯ ನನ್ನ ಮಗನ ವಯಸ್ಸಿನವನು. ನನ್ನ ಹೆಸರು ಕೇಳಿದ, ಹೇಳಿದೆ. ಊರು ಕೇಳಿದ, ಹೇಳಿದೆ. ಯಾರ ಜೊತೆ ಬಂದಿದ್ದೀರಿ ಅಂದ. ಸರಸ್ವತಿಯ ಜೊತೆ ಅಂದೆ. ಅವರೆಲ್ಲಿ ಅಂದ. ಜಯನಗರದಲ್ಲಿ ಅಂದೆ. ಅವನು ಪಕ್ಕದವನ ಮುಖ ನೋಡಿದ.

ನನ್ನ ಹಿಂದಿಯ ವೈಭವ ನಿನಗೆ ಗೊತ್ತು. ನಾಟಕ ಕಂಪನಿ, ಕೈಕೊಟ್ಟ ಮಂತ್ರಿ, ಖಾಲಿ ಜಾಗ, ಎಲ್ಲವನ್ನೂ ವಿವರಿಸಲು ಹೋದಷ್ಟೂ ಅವನ ಹುಬ್ಬು ಗಂಟಾಯಿತು. ಈ ಎತ್ತರದಲ್ಲಿ ಮಿದುಳು ಬಾತುಕೊಂಡರೆ ಮನುಷ್ಯರು ಹೀಗೇ ಅಸಂಬದ್ಧ ಮಾತಾಡುತ್ತಾರಂತೆ, ಜೀವಕ್ಕೇ ಅಪಾಯವಂತೆ. ಮುಂದೆ ಬಿಡುವುದಿಲ್ಲ, ಬಂದ ದಾರಿಯಲ್ಲೇ ಲೇಹ್ ಆಸ್ಪತ್ರೆಗೆ ವಾಪಸ್ ಅಂದ. ಸರಸು, ವಾಪಸ್ ಹೋದರೆ ಅಲ್ಲಿಂದ ಸೀದಾ ವಿಮಾನ, ಆಮೇಲೆ ಹನುಮಂತನಗರದ ಸೋಫಾ, "ಈ ವಯಸ್ಸಿನಲ್ಲಿ ಬೇಕಿತ್ತಾ" ಎಂಬ ಮಂಗಳಾರತಿ. ಇನ್ನೆಂದೂ ಯಾರೂ ನನ್ನನ್ನು ಹೊಸಿಲು ದಾಟಲು ಬಿಡುವುದಿಲ್ಲ. ಬೆಟ್ಟದ ಆ ಮಗ್ಗುಲಲ್ಲಿ ಮರುಭೂಮಿಯಿದೆ, ನಾನು ಈ ಮಗ್ಗುಲಲ್ಲಿ ಮುಗಿದುಹೋಗುತ್ತೇನೆ.

ಮಾಸ್ಕ್ ಕಿತ್ತು, ವಾಪಸ್ ಹೋಗುವುದಿಲ್ಲ, ನೀವು ಹೇಳಿದ ಪರೀಕ್ಷೆಗೆ ನಿಲ್ಲುತ್ತೇನೆ ಅಂದೆ. ಅವನು ಒಳ್ಳೆಯವನು, ಬೈಯಲಿಲ್ಲ. ಮಾಸ್ಕನ್ನು ಮತ್ತೆ ಹಾಕಿ ಒಂದೇ ಷರತ್ತು ಇಟ್ಟ: ಅವನು ಹೇಳುವವರೆಗೆ ಒಂದು ಮಾತೂ ಆಡಬಾರದು. ಮನುಷ್ಯರ ಜೊತೆಯೂ ಇಲ್ಲ, ಸೀಟಿನ ಜೊತೆಯೂ ಇಲ್ಲ. ಆಮೇಲೆ ಬೆರಳಿನ ಕ್ಲಿಪ್ಪು ತೋರಿಸುವ ಆಮ್ಲಜನಕದ ಅಂಕಿ ಏರಿ, ನೆಲದ ಗೆರೆಯ ಮೇಲೆ ನೆಟ್ಟಗೆ ನಡೆದು ತೋರಿಸಿದರೆ ಬಿಡುತ್ತೇನೆ ಅಂದ.

ನಗಬೇಡ. ಹುಟ್ಟಿದಾಗಿನಿಂದ ನನಗೆ ಯಾರೂ ಇಂಥ ಶಿಕ್ಷೆ ಕೊಟ್ಟಿರಲಿಲ್ಲ. ಎಕ್ಸ್‌ಚೇಂಜಿನ ಸೂಪರ್‌ವೈಸರ್ ಶಿವರಾಮ್ ಅವರೇ ಸೋತು ಕೈಬಿಟ್ಟಿದ್ದರು. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ತುಟಿ ಕಚ್ಚಿ ಕೂತೆ. ತೆರೆದ ಬಾಗಿಲಿನಿಂದ ಕಾರು ಕಾಣುತ್ತಿತ್ತು. ಗಾಜಿನ ಹಿಂದೆ ನಿನ್ನ ಟೋಪಿ. ನಾನು ಮಾತಾಡದಿದ್ದಾಗ ಅದು ಬರೀ ಟೋಪಿ.

ಆಗ ಆ ಗೇಟಿನ ದೃಶ್ಯ ಮತ್ತೆ ಬಂತು. ಈ ಸಲ ನನ್ನ ಹಿನ್ನೆಲೆ ಸಂಗೀತವಿಲ್ಲದೆ. ನೀನು ಡಬ್ಬಿ ಹಿಡಿದು ಬರುತ್ತೀಯ. ನಿನ್ನ ಹಿಂದೆ ಮಾಧವ. ಅವನ ಕೈಯಲ್ಲಿ ಏನಿತ್ತು? ಸೂಟ್‌ಕೇಸ್. ನಿನ್ನ ನೀಲಿ ಸೂಟ್‌ಕೇಸ್, ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದ್ದು. ಅವನು ಡಿಕ್ಕಿಯ ಹತ್ತಿರ ಬಂದು ನಿಂತು ಹೇಳಿದ ಮಾತೂ ಕಿವಿಗೆ ಬಂತು, "ಹೋಗ್ಬಾಮ್ಮ, ಇಲ್ಲಿ ಎಲ್ಲ ನಾನು ನೋಡ್ಕೋತೀನಿ." ನಾನು ಅದನ್ನು ಕಂಡಿದ್ದೆ, ಕೇಳಿದ್ದೆ. ಆದರೆ ಖಳನಾಯಕನಿಲ್ಲದೆ ನನಗೆ ನಾಟಕ ಕಟ್ಟಲು ಬರುವುದಿಲ್ಲ ನೋಡು, ಆ ಹುಡುಗನ ಕೈಯಿಂದ ಸೂಟ್‌ಕೇಸ್ ಕಿತ್ತು ಕತ್ತಿ ಕೊಟ್ಟುಬಿಟ್ಟೆ.

ನಿನ್ನನ್ನು ಯಾರೂ ತಡೆಯಲಿಲ್ಲ ಸರಸ್ವತಿ. ನೀನೇ ಬರಲಿಲ್ಲ.

ಅಳು ಬಂತು, ಅತ್ತರೂ ಉಸಿರು ಹೋಗುತ್ತದೆಂದು ಅದನ್ನೂ ನುಂಗಿದೆ. ವೈದ್ಯ ಬಂದು ಬೆರಳು ನೋಡಿದ, ಅಂಕಿ ಸರಿಯಿತ್ತು. ಗೆರೆಯ ಮೇಲೆ ನಡೆಯಿರಿ ಅಂದ. ನಾನು ರಾಜದರ್ಬಾರಿಗೆ ಪ್ರವೇಶ ಮಾಡುವಂತೆ ನಡೆದೆ, ಒಂದು ಹೆಜ್ಜೆ ಆಚೀಚೆ ಇಲ್ಲ. ಅವನು ನಕ್ಕ. ಆ ಕಡೆ ಇಳಿದಷ್ಟೂ ಉಸಿರು ಸಲೀಸಾಗುತ್ತದೆ, ದಾರಿಯಲ್ಲಿ ತಲೆನೋವು ಬಂದರೆ ಕೆಳಗಿನ ದಿಸ್ಕಿತ್ ಊರಿನ ಆಸ್ಪತ್ರೆಗೆ ಹೋಗಬೇಕು, ಕೂಗಾಟ ಮಾತ್ರ ಬೇಡ ಅಂತ ಹೇಳಿ ಬಿಟ್ಟುಕೊಟ್ಟ.

ಕಾರಿಗೆ ಬಂದು ನಿನ್ನ ಟೋಪಿಯನ್ನು ಚೀಲಕ್ಕೆ ಹಾಕಿದೆ. ಡಬ್ಬಿಯನ್ನು ದೋರ್ಜೆಗೆ ಕೊಟ್ಟೆ. ಅವನು ಹೆದರಿ ಹೆದರಿ ಒಂದು ತುತ್ತು ತಿಂದು, ಆಮೇಲೆ ತಳ ಕೆರೆದು ತಿಂದ. ನಿನ್ನ ಪುಳಿಯೋಗರೆ ಖರ್ದುಂಗ್ ಲಾ ದಾಟಿದೆ, ನೀನು ದಾಟಿಲ್ಲ.

ಮತ್ತೆ ದಾರಿಯುದ್ದಕ್ಕೂ ನಾನು ನಿನ್ನ ಮಾತು ಹೇಳಲಿಲ್ಲ. ಕೆಳಗೆ ಶ್ಯೋಕ್ ನದಿ ಬೂದಿ ಬಣ್ಣದ ಜಡೆಗಳನ್ನು ಬಿಚ್ಚಿ ಹರಡಿಕೊಂಡು ಮಲಗಿತ್ತು. ಒಂದು ತಿರುವು ದಾಟಿದರೆ ಹಸಿರು ಗೋಧಿ ಗದ್ದೆ, ಮುಂದಿನ ತಿರುವಿನಲ್ಲಿ ಬರೀ ಕಲ್ಲು. ಸಂಜೆಗೆ ಹುಂಡರ್. ಕಾರಿನಿಂದ ಇಳಿದು ಚಪ್ಪಲಿ ಬಿಟ್ಟು ಕಾಲಿಟ್ಟೆ, ಮರಳು. ನುಣ್ಣಗೆ ಜರಡಿ ಹಿಡಿದಂಥ ಮರಳಿನ ದಿಬ್ಬಗಳು, ಮೇಲೆ ಬಿಸಿ, ಬೆರಳು ಹೂತರೆ ತಣ್ಣಗೆ. ಎರಡು ಡುಬ್ಬದ ಒಂಟೆಗಳು ಸಂಬಳ ಸಾಲದ ಗುಮಾಸ್ತರ ಹಾಗೆ ಮುಖ ಮಾಡಿಕೊಂಡು ಕೂತಿದ್ದವು. ತಲೆ ಎತ್ತಿದರೆ ಆ ಮರಳಿನ ಮೇಲೇ, ಅದರ ನೆತ್ತಿಯ ಮೇಲೇ, ಹಿಮದ ಬೆಟ್ಟ. ಮರುಭೂಮಿಗೂ ಹಿಮಾಲಯಕ್ಕೂ ನಡುವೆ ಒಂದು ಬೇಲಿಯೂ ಇಲ್ಲ. ನಾನು ಒಂಟೆ ಹತ್ತಿದೆ. ಅದು ಏಳುವಾಗ ನಾನು ಕಿರುಚಲಿಲ್ಲ, ವೈದ್ಯನಿಗೆ ಮಾತು ಕೊಟ್ಟಿದ್ದೆ.

ಇದನ್ನು ನೋಡಿ ನೀನು ಏನನ್ನುತ್ತಿದ್ದೆಯೋ ನಾನು ಬರೆಯುವುದಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಆಫೀಸಿನ ರಾಜ್ಯೋತ್ಸವ ನಾಟಕದಲ್ಲಿ ನೀನು ಮಾತು ಮರೆತು ನಿಂತಾಗ ಅದನ್ನು ನಾನು ಹೇಳಿದೆ, ಸೀರೆ ಅಂಗಡಿಯಲ್ಲಿ ಹೇಳಿದೆ, ನಿಮ್ಮ ಮನೆಯವರು ತೀರಿಕೊಂಡಾಗ ಬಂದವರಿಗೆಲ್ಲ ನಿನ್ನ ಪರವಾಗಿ ಹೇಳಿದೆ. ಬೇಸರದಿಂದಲ್ಲ, ಪ್ರೀತಿಯಿಂದ. ಇನ್ನು ಹೇಳುವುದಿಲ್ಲ. ಭಯವಾದರೆ ಭಯ ಅನ್ನು. ಮನಸ್ಸಿಲ್ಲದಿದ್ದರೆ ಇಲ್ಲ ಅನ್ನು. ಆ ಬಡಪಾಯಿ ಮಾಧವನ ಹೆಗಲ ಮೇಲೆ ಹಾಕಬೇಡ. ನಾನು ಒಂದು ಅರೆ ಕ್ಷಣವೂ ಕೋಪ ಮಾಡಿಕೊಳ್ಳುವುದಿಲ್ಲ ಅಂತ ಹೇಳಲಾರೆ, ಮಾಡಿಕೊಳ್ಳುತ್ತೇನೆ. ಆದರೆ ಅದು ನಿನ್ನ ಮೇಲಿನ ಕೋಪವಾಗಿರುತ್ತದೆ, ಒಂದು ಟೋಪಿಯ ಮೇಲಿನದ್ದಲ್ಲ.

ಚಳಿಗಾಲದಲ್ಲಿ ಕಛ್‌ಗೆ ಹೋಗುತ್ತೇನೆ, ಉಪ್ಪಿನ ಮರುಭೂಮಿ ನೋಡಲು. ನನ್ನದು ಒಂದೇ ಟಿಕೆಟ್ಟು ತೆಗೆಸುತ್ತೇನೆ. ಇನ್ನೊಂದು ಬೇಕಾದವರು ತಮ್ಮ ಬಾಯಿಂದ ಕೇಳಲಿ.

ಹಿಮಕ್ಕೂ ಮರಳಿಗೂ ತಲೆಬಾಗದ, ಒಂಟೆಗೆ ಮಾತ್ರ ಸ್ವಲ್ಪ ಬಾಗಿದ,
ನಿನ್ನ ಜಯ

ಮರೆತ ಮಾತು: ಇದನ್ನು ಬರೆಯಬಾರದೆಂದಿದ್ದೆ. ನನ್ನ ಮಗ ವಿಜಯಕುಮಾರನ ಪ್ರಕಾರ ನಾನೀಗ ಶ್ರೀಶೈಲದಲ್ಲಿದ್ದೇನೆ. ನಿನ್ನ ಜೊತೆ. ಲಡಾಖ್ ಅಂದರೆ ಬಿಡುವುದಿಲ್ಲವೆಂದು ಹೆದರಿ, ಮಲ್ಲಿಕಾರ್ಜುನನ ಹೆಸರು ಹೇಳಿ ಬಂದೆ. ಅವನು ದಿನಾ ಫೋನ್ ಮಾಡಿ ದರ್ಶನ ಆಯ್ತಾ ಅಂತ ಕೇಳುತ್ತಾನೆ, ನಾನು ಪ್ರಸಾದದ ರುಚಿ ವರ್ಣಿಸುತ್ತೇನೆ. ನಾನು ವಾಪಸ್ ಬರುವವರೆಗೆ ನೀನು ಫೋರ್ತ್ ಬ್ಲಾಕ್ ಮಾರ್ಕೆಟ್ಟಿಗೆ ಹೋಗಬೇಡ, ನನ್ನ ಸೊಸೆ ಶಿಲ್ಪಶ್ರೀಯ ಕಣ್ಣಿಗೆ ಬೀಳಬೇಡ ಎಂದು ಕೇಳಿಕೊಳ್ಳಲೆಂದೇ ಈ ಕಾಗದ ಶುರು ಮಾಡಿದ್ದು. ಈಗ ಹೇಳುತ್ತೇನೆ, ಹೋಗು. ಅವಳು ಎದುರಾದರೆ, "ಜಯ ಲಡಾಖಲ್ಲಿದ್ದಾಳೆ, ನಾನು ಹೆದರ್ಕೊಂಡು ಹೋಗ್ಲಿಲ್ಲ" ಅಂತ ನಿನ್ನ ಬಾಯಿಂದ ಹೇಳು. ಅಷ್ಟರೊಳಗೆ ನಾನೇ ಮಗನಿಗೆ ಹೇಳಿಬಿಡಬೇಕೆಂದು ಪಣ ತೊಟ್ಟಿದ್ದೇನೆ. ಬೆಳಗಿನಿಂದ ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಯಾರು ಮೊದಲು ಹೇಳುತ್ತಾರೋ ನೋಡೇಬಿಡೋಣ.